ನಾಯಿ, ದೋಣಿ ಮತ್ತು ದಡದ ಕರೆಂಟು

ಮೂವರು ಗೆಳೆಯರು, ಜೊತೆಗೊಂದು ನಾಯಿ, ಥೇಮ್ಸ್ ನದಿಯ ಮೇಲೆ ಹದಿನೈದು ದಿನಗಳ ದೋಣಿ ಪ್ರವಾಸ. 1889ರಲ್ಲಿ ಪ್ರಕಟವಾದ ಜೆರೋಮ್ ಕೆ. ಜೆರೋಮ್ ಅವರ ‘ಥ್ರೀ ಮೆನ್ ಇನ್ ಎ ಬೋಟ್’ ಹಾಸ್ಯ ಕೃತಿಯ ಕಥೆ ಇಷ್ಟೇ. ಇಂಗ್ಲಿಷ್ ಪಾಠದ ನೆಪದಲ್ಲಿ ಇದರ ಒಂದೆರಡು ಪ್ರಸಂಗಗಳನ್ನು ಓದಿ ನಕ್ಕ ವಿದ್ಯಾರ್ಥಿಗಳು ನಮ್ಮಲ್ಲೂ ಬಹಳ ಮಂದಿ. ಆದರೆ ಆ ಪ್ರವಾಸ ಹೇಗೆ ಮುಗಿಯಿತೆಂಬುದು ಹೆಚ್ಚಿನವರಿಗೆ ನೆನಪಿರಲಿಕ್ಕಿಲ್ಲ. ಮಳೆ ಬಿಡದೆ ಹಿಡಿಯಿತು. ಬಟ್ಟೆ, ಹಾಸಿಗೆ ಎಲ್ಲ ಒದ್ದೆ. ಕಡೆಗೆ ಪ್ಯಾಂಗ್‌ಬೋರ್ನ್ ಎಂಬಲ್ಲಿ ದೋಣಿಯನ್ನು ಬಿಟ್ಟು, ಮೂವರೂ ನಾಯಿಯೊಂದಿಗೆ ಮೆಲ್ಲಗೆ ರೈಲು ಹತ್ತಿ ಲಂಡನ್ ಸೇರಿಕೊಂಡರು!

ಬೇಸಿಗೆಯ ದಿನಗಳಲ್ಲೇ ಈ ಪಾಡಾದರೆ ಡಿಸೆಂಬರ್ ಚಳಿಯಲ್ಲಿ ಹೇಗೆ? ಆದರೂ ಇಂಗ್ಲೆಂಡಿನಲ್ಲಿ ಚಳಿಗಾಲದಲ್ಲೇ ದೋಣಿ ಹತ್ತುವವರಿದ್ದಾರೆ. ಜನಸಂದಣಿ ಇಲ್ಲ, ಬಾಡಿಗೆ ಕಡಿಮೆ, ಮಂಜು ಮುಸುಕಿದ ನೀರಿನ ಮೇಲೆ ಬಾತುಕೋಳಿಗಳನ್ನು ಬಿಟ್ಟರೆ ಯಾರೂ ಇಲ್ಲ. ಮನೆಯ ನಾಯಿಯನ್ನೂ ಕರೆದೊಯ್ಯಬಹುದು. ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ‘ಕೆನಾಲ್ ಅಂಡ್ ರಿವರ್ ಟ್ರಸ್ಟ್’ ಎಂಬ ಸಂಸ್ಥೆಯೊಂದೇ 2012ರಿಂದ ಸುಮಾರು 3,200 ಕಿಲೋಮೀಟರ್ ಉದ್ದದ ಕಾಲುವೆ ಮತ್ತು ನದಿಗಳನ್ನು ನೋಡಿಕೊಳ್ಳುತ್ತಿದೆ. ಪೂರ್ವದ ನಾರ್ಫೋಕ್ ಪ್ರಾಂತದಲ್ಲಿ ‘ಬ್ರಾಡ್ಸ್’ ಎಂಬ ಕೆರೆ-ನದಿಗಳ ಜಾಲವಿದೆ. ಈ ಕೆರೆಗಳು ಪ್ರಕೃತಿ ಮಾಡಿದವಲ್ಲ. ಮಧ್ಯಯುಗದ ಜನ ಒಲೆ ಉರಿಸಲು ಪೀಟ್ ಎಂಬ ಸಸ್ಯಜನ್ಯ ಮಣ್ಣನ್ನು ಅಗೆದು ತೆಗೆದ ಗುಂಡಿಗಳಲ್ಲಿ ನೀರು ನಿಂತು ಆದ ಕೆರೆಗಳಿವು. ಚಳಿ ಕಾಯಿಸಲು ತೋಡಿದ ಗುಂಡಿಗಳ ಮೇಲೆ ಇಂದು ಜನ ಚಳಿಯಲ್ಲಿ ತೇಲುತ್ತಾರೆ!

ಓದಿಗೆ, ಉದ್ಯೋಗಕ್ಕೆ ಎಂದು ಇಂಗ್ಲೆಂಡಿಗೆ ಹೋದ ಕನ್ನಡಿಗರು ಕಡಿಮೆಯೇನಲ್ಲ. ಕ್ರಿಸ್‌ಮಸ್ ರಜೆಯಲ್ಲಿ ಇಂಥ ಪ್ರವಾಸದ ಆಸೆ ಅವರಿಗೂ ಹುಟ್ಟೀತು. ಅಲ್ಲಿಗೆ ಹೋಗದವರಿಗೂ ಇದರಲ್ಲಿ ಕಲಿಯಬೇಕಾದ್ದಿದೆ. ಹೈಸ್ಕೂಲಿನ ಭೌತಶಾಸ್ತ್ರ, ರಸಾಯನಶಾಸ್ತ್ರ, ಜೀವಶಾಸ್ತ್ರ ಮೂರೂ ಒಂದು ಪುಟ್ಟ ದೋಣಿಯ ಕೋಣೆಯಲ್ಲಿ ಒಟ್ಟಿಗೆ ಕುಳಿತಿರುವುದನ್ನು ಬೇರೆಲ್ಲಿ ನೋಡಲು ಸಾಧ್ಯ?

ರಾತ್ರಿ ಎಲ್ಲಿ?

ಚಳಿಗಾಲದ ದೋಣಿ ಪ್ರವಾಸದಲ್ಲಿ ಹಗಲಿಗಿಂತ ರಾತ್ರಿಯೇ ದೊಡ್ಡದು. ಡಿಸೆಂಬರ್ ಕೊನೆಯಲ್ಲಿ ಅಲ್ಲಿ ಹಗಲು ಎಂಟು ಗಂಟೆಗೂ ಕಡಿಮೆ. ಬೆಳಿಗ್ಗೆ ಎಂಟಕ್ಕೆ ಬೆಳಕಾದರೆ ಸಂಜೆ ನಾಲ್ಕಕ್ಕೆ ಮುಂಚೆಯೇ ಸೂರ್ಯ ಮುಳುಗುತ್ತಾನೆ. ಬಾಡಿಗೆ ದೋಣಿಗಳು ಕತ್ತಲಲ್ಲಿ ಓಡುವಂತಿಲ್ಲ. ಕಾಲುವೆಯಲ್ಲಿ ವೇಗದ ಮಿತಿ ಗಂಟೆಗೆ 4 ಮೈಲಿ, ಅಂದರೆ ಸುಮಾರು ಆರೂವರೆ ಕಿಲೋಮೀಟರ್. ಅದು ಚುರುಕಾಗಿ ನಡೆಯುವವನ ವೇಗ ಅಷ್ಟೇ. ಆದ್ದರಿಂದ ಮಧ್ಯಾಹ್ನ ಮೂರರ ಹೊತ್ತಿಗೆ ರಾತ್ರಿಯ ತಂಗುದಾಣ ಸೇರಿರಬೇಕು. ಅಲ್ಲಿ ಜಾಗ ಸಿಗದಿದ್ದರೆ ಹೋಗಲು ಹತ್ತಿರದಲ್ಲೇ ಇನ್ನೊಂದನ್ನು ಗೊತ್ತು ಮಾಡಿಕೊಂಡಿರಬೇಕು.

ಇನ್ನೊಂದು ತೊಡಕೂ ಇದೆ. ಕಾಲುವೆಗಳ ಬಾಗಿಲು, ಗೋಡೆಗಳ ದುರಸ್ತಿಯನ್ನು ದೋಣಿಗಳು ಕಡಿಮೆ ಇರುವ ನವೆಂಬರ್‌ನಿಂದ ಮಾರ್ಚ್‌ವರೆಗಿನ ಅವಧಿಯಲ್ಲೇ ಮಾಡುತ್ತಾರೆ. ಯಾವ ಕಾಲುವೆ ಯಾವಾಗ ಮುಚ್ಚಿರುತ್ತದೆ ಎಂಬ ಪಟ್ಟಿ ಮೊದಲೇ ಪ್ರಕಟವಾಗುತ್ತದೆ. ಅದನ್ನು ನೋಡದೆ ಹೊರಟವರು ಅರ್ಧ ದಾರಿಯಲ್ಲಿ ಬೀಗ ಹಾಕಿದ ಬಾಗಿಲಿನ ಮುಂದೆ ನಿಲ್ಲಬೇಕಾಗುತ್ತದೆ. ತೀರ ಚಳಿ ಬಿದ್ದರೆ ನೀರೇ ಹೆಪ್ಪುಗಟ್ಟುತ್ತದೆ. 1962-63ರ ಚಳಿಗಾಲದಲ್ಲಿ ಕಾಲುವೆಗಳು ವಾರಗಟ್ಟಲೆ ಗಡ್ಡೆಕಟ್ಟಿ, ಸರಕು ಸಾಗಿಸುತ್ತಿದ್ದ ದೋಣಿಗಳು ನಿಂತಲ್ಲೇ ನಿಂತವು. ಮೊದಲೇ ಲಾರಿ, ರೈಲುಗಳ ಪೈಪೋಟಿಯಿಂದ ನರಳುತ್ತಿದ್ದ ಆ ವ್ಯಾಪಾರ ಆಮೇಲೆ ಚೇತರಿಸಿಕೊಳ್ಳಲೇ ಇಲ್ಲ.

ಕರೆಂಟಿನ ಲೆಕ್ಕ

ಈಗ ಮುಖ್ಯ ಪ್ರಶ್ನೆ: ರಾತ್ರಿ ಬೆಚ್ಚಗಿರುವುದು ಹೇಗೆ? ದೋಣಿಯಲ್ಲಿ ಸಾಮಾನ್ಯವಾಗಿ 12 ವೋಲ್ಟಿನ ಸೀಸ-ಆಮ್ಲ ಬ್ಯಾಟರಿಗಳಿರುತ್ತವೆ. 110 ಆಂಪಿಯರ್-ಗಂಟೆಯ ಒಂದು ಬ್ಯಾಟರಿಯನ್ನು ತೆಗೆದುಕೊಳ್ಳಿ. ಇಂಥ ಬ್ಯಾಟರಿಯನ್ನು ಅರ್ಧಕ್ಕಿಂತ ಕೆಳಗೆ ಇಳಿಸಿದರೆ ಅದರ ಆಯಸ್ಸು ಕುಗ್ಗುತ್ತದೆ. ಆದ್ದರಿಂದ ಬಳಸಬಹುದಾದ್ದು 55. ಅದನ್ನು 12ರಿಂದ ಗುಣಿಸಿದರೆ 660 ವ್ಯಾಟ್-ಗಂಟೆ. ಸಾವಿರ ವ್ಯಾಟಿನ ಒಂದು ಹೀಟರ್ ಇದನ್ನು 40 ನಿಮಿಷಕ್ಕೇ ಮುಗಿಸಿಬಿಡುತ್ತದೆ! ರಾತ್ರಿಯ ಮಾತು ಹಾಗಿರಲಿ, ಊಟ ಮುಗಿಯುವವರೆಗೂ ಬರುವುದಿಲ್ಲ.

ಎಂಜಿನ್ ಓಡಿಸಿ ಬ್ಯಾಟರಿ ತುಂಬಿಸಬಹುದಲ್ಲ ಎನ್ನಬಹುದು. ಆದರೆ ಕಾಲುವೆಗಳಲ್ಲಿ ಬೇರೆ ದೋಣಿಗಳ ಬಳಿ ಕಟ್ಟಿದಾಗ ರಾತ್ರಿ 8ರಿಂದ ಬೆಳಿಗ್ಗೆ 8ರವರೆಗೆ ಎಂಜಿನ್, ಜನರೇಟರ್ ಓಡಿಸಬಾರದೆಂಬ ನಿಯಮವಿದೆ. ಹಾಗಾಗಿ ಚಳಿಗಾಲದಲ್ಲಿ ಹುಡುಕಬೇಕಾದ್ದು ದಡದಲ್ಲೇ ಕರೆಂಟು ಕೊಡುವ ತಂಗುದಾಣವನ್ನು. ಕಾಲುವೆ ಬದಿಯ ಬಹುಪಾಲು ಸಾರ್ವಜನಿಕ ತಾಣಗಳಲ್ಲಿ ಇದು ಇರುವುದಿಲ್ಲ. ಮರೀನಾ ಎನ್ನುವ ಖಾಸಗಿ ದೋಣಿ ನಿಲ್ದಾಣಗಳಲ್ಲಿ ಸಿಗುತ್ತದೆ. ಬ್ರಾಡ್ಸ್‌ನಲ್ಲಿ ಮಾತ್ರ ಸಾರ್ವಜನಿಕ ತಾಣಗಳಲ್ಲೂ ಹಲವೆಡೆ ವಿದ್ಯುತ್ ಕಂಬಗಳಿವೆ. ಕಂಬ ಇದೆಯೇ ಎಂದು ಕೇಳಿದರೆ ಸಾಲದು. ಚಳಿಗಾಲದಲ್ಲೂ ಅದು ಚಾಲೂ ಇರುತ್ತದೆಯೇ, ಹಣ ಕಟ್ಟುವುದು ಹೇಗೆ, ಎಷ್ಟು ಆಂಪಿಯರ್ ಸಿಗುತ್ತದೆ ಎಂಬ ಮೂರನ್ನೂ ಕೇಳಬೇಕು.

ಅಲ್ಲಿನ ಕರೆಂಟೂ ನಮ್ಮದರಂತೆ 230 ವೋಲ್ಟ್, 50 ಹರ್ಟ್ಸ್. ಕಂಬದ ನೀಲಿ ಬಣ್ಣದ ದುಂಡು ಪ್ಲಗ್ಗಿನ ಸಾಮರ್ಥ್ಯ ಸಾಮಾನ್ಯವಾಗಿ 16 ಆಂಪಿಯರ್. ಹತ್ತನೇ ತರಗತಿಯ ಸೂತ್ರವನ್ನೇ ಹಾಕಿ: 230 × 16 = 3,680 ವ್ಯಾಟ್. ಮೂರು ಸಾವಿರ ವ್ಯಾಟಿನ ಕೆಟಲ್ಲಿನಲ್ಲಿ ಚಹಾದ ನೀರಿಟ್ಟು, ಎರಡು ಸಾವಿರ ವ್ಯಾಟಿನ ಹೀಟರನ್ನೂ ಹಾಕಿದರೆ ಒಟ್ಟು 5,000. ಕಂಬದ ಸ್ವಿಚ್ಚು ಬಿದ್ದು ಕತ್ತಲಾಗುತ್ತದೆ. ಕೆಲವು ಕಂಬಗಳ ಮಿತಿ ಇನ್ನೂ ಕಡಿಮೆ. 10 ಆಂಪಿಯರ್ ಆದರೆ 2,300 ವ್ಯಾಟ್ ಮಾತ್ರ. ಹಾಸಿಗೆ ಇದ್ದಷ್ಟು ಕಾಲು ಚಾಚು ಎಂಬ ಗಾದೆ ದಡದ ಕರೆಂಟಿಗೂ ಸರಿಯಾಗಿ ಹೊಂದುತ್ತದೆ. ಸಾವಿರ ವ್ಯಾಟಿನ ಹೀಟರನ್ನು ರಾತ್ರಿ ಹತ್ತರಿಂದ ಬೆಳಿಗ್ಗೆ ಎಂಟರವರೆಗೆ ಎಡೆಬಿಡದೆ ಉರಿಸಿದರೆ 10 ಯೂನಿಟ್. ಮುಂಗಡ ಹಣ ಕಟ್ಟುವ ಕಂಬವಾದರೆ ಮಲಗುವ ಮೊದಲೇ ಅಷ್ಟು ಯೂನಿಟ್ ಇದೆಯೇ ಎಂದು ನೋಡಿಕೊಳ್ಳುವುದು ಜಾಣತನ.

ಕೇಬಲ್ ಜೋಡಿಸುವುದಕ್ಕೂ ಒಂದು ಕ್ರಮವಿದೆ. ಮೊದಲು ದೋಣಿಯ ಕಡೆ ಸಿಕ್ಕಿಸಬೇಕು, ಆಮೇಲೆ ದಡದ ಕಂಬಕ್ಕೆ. ಬಿಚ್ಚುವಾಗ ಮೊದಲು ದಡದ ಕಡೆ, ಆಮೇಲೆ ದೋಣಿಯ ಕಡೆ. ಏಕೆ? ಕರೆಂಟಿರುವ ತಂತಿಯ ತುದಿಯನ್ನು ಕೈಯಲ್ಲಿ ಹಿಡಿದು ನೀರಿನ ಮೇಲೆ ಒಂದು ಹೆಜ್ಜೆಯನ್ನೂ ಇಡುವಂತಾಗಬಾರದು ಎಂದು. ಕೇಬಲ್ ನೀರಿಗೆ ಬೀಳಬಾರದು, ನಾಯಿ ಅಗಿಯುವಂತೆ ಜೋತಾಡಬಾರದು. ಉಳಿದ ಕೇಬಲನ್ನು ಬಿಗಿಯಾಗಿ ಸುರುಳಿ ಸುತ್ತಿಡಲೂಬಾರದು. ಹೆಚ್ಚು ಕರೆಂಟು ಹರಿದಾಗ ಸುರುಳಿಯೊಳಗಿನ ಬಿಸಿ ಹೊರಹೋಗಲಾರದೆ ಮೇಲಿನ ಹೊದಿಕೆ ಕರಗೀತು.

ರಸಾಯನಶಾಸ್ತ್ರದ ವಿದ್ಯಾರ್ಥಿಗಳಿಗೂ ಇಲ್ಲೊಂದು ಸ್ವಾರಸ್ಯವಿದೆ. ದಡದ ಅರ್ಥಿಂಗ್ ತಂತಿಯು ಅಕ್ಕಪಕ್ಕದ ದೋಣಿಗಳ ಲೋಹದ ಒಡಲುಗಳನ್ನೆಲ್ಲ ಒಂದಕ್ಕೊಂದು ಸೇರಿಸುತ್ತದೆ. ಬೇರೆ ಬೇರೆ ಲೋಹಗಳು, ನಡುವೆ ನೀರು, ಮೇಲೆ ತಂತಿ: ಪಾಠದಲ್ಲಿ ಬರುವ ವಿದ್ಯುತ್‌ಕೋಶವೇ ಸಿದ್ಧ! ಅದರಲ್ಲಿ ಒಂದು ದೋಣಿಯ ಲೋಹ ಮೆಲ್ಲಗೆ ಸವೆಯತೊಡಗುತ್ತದೆ. ಇದನ್ನು ತಡೆಯಲು ದೋಣಿಯ ತಳಕ್ಕೆ ಸಿಹಿನೀರಿನಲ್ಲಾದರೆ ಮೆಗ್ನೀಷಿಯಂ, ಉಪ್ಪುನೀರಿನಲ್ಲಾದರೆ ಸತುವಿನ ತುಂಡುಗಳನ್ನು ಜೋಡಿಸಿರುತ್ತಾರೆ. ಅವು ತಾವು ಕರಗಿ ದೋಣಿಯನ್ನು ಉಳಿಸುತ್ತವೆ.

ಕಾಣದ ಕೊಲೆಗಡುಕ

ಕರೆಂಟಿನ ತಾಣ ಹುಡುಕುವುದು ಸುಖಕ್ಕಾಗಿ ಮಾತ್ರವಲ್ಲ. 2013ರ ಏಪ್ರಿಲ್ 1ರಂದು ಇಂಗ್ಲೆಂಡಿನ ವಿಂಡರ್‌ಮಿಯರ್ ಸರೋವರದಲ್ಲಿ ಕಟ್ಟಿದ್ದ ದೋಣಿಯೊಂದರಲ್ಲಿ ತಾಯಿ ಮತ್ತು ಹತ್ತು ವರ್ಷದ ಮಗಳು ಮಲಗಿದಲ್ಲೇ ಅಸ್ವಸ್ಥರಾಗಿ ಮೃತಪಟ್ಟರು. ಆ ವರ್ಷ ಈಸ್ಟರ್ ಹೊತ್ತಿಗೂ ಚಳಿ ಕಡಿಮೆಯಾಗಿರಲಿಲ್ಲ. ದೋಣಿಗೆ ಕರೆಂಟು ಒದಗಿಸಲು, ಹೊರಗೆ ಬಯಲಿನಲ್ಲಿ ಬಳಸಬೇಕಾದ ಪುಟ್ಟ ಪೆಟ್ರೋಲ್ ಜನರೇಟರನ್ನು ಎಂಜಿನ್ ಕೋಣೆಯಲ್ಲಿ ಇಡಲಾಗಿತ್ತು. ಅದಕ್ಕೆ ಮನೆಯಲ್ಲೇ ಮಾಡಿ ಜೋಡಿಸಿದ್ದ ಹೊಗೆ ಕೊಳವೆ ಕಳಚಿಕೊಂಡು, ಕಾರ್ಬನ್ ಮೊನಾಕ್ಸೈಡ್ ಅನಿಲ ಮಲಗುವ ಕೋಣೆಗೆ ನುಗ್ಗಿತು. ದೋಣಿಯಲ್ಲಿ ಈ ಅನಿಲವನ್ನು ಪತ್ತೆಮಾಡುವ ಉಪಕರಣವೂ ಇತ್ತು. ಆದರೆ ಅದರ ವಿದ್ಯುತ್ ಸಂಪರ್ಕವನ್ನು ತಪ್ಪಿಸಲಾಗಿತ್ತು. ಸಮುದ್ರ ಅಪಘಾತಗಳ ತನಿಖಾ ವಿಭಾಗದ ವರದಿ ಹೇಳುವ ಸಂಗತಿಗಳಿವು. 2016ರ ಜೂನ್‌ನಲ್ಲಿ ನಾರ್ಫೋಕ್ ಬ್ರಾಡ್ಸ್‌ನಲ್ಲೂ ದೋಣಿಯ ಪೆಟ್ರೋಲ್ ಎಂಜಿನ್ನಿನ ಹೊಗೆಯಿಂದ ಇಬ್ಬರು ಸತ್ತರು.

ಕಾರ್ಬನ್ ಮೊನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ, ರುಚಿಯಿಲ್ಲ. ರಕ್ತದ ಹಿಮೋಗ್ಲೋಬಿನ್ ಆಮ್ಲಜನಕಕ್ಕಿಂತ ಇನ್ನೂರು ಪಟ್ಟಿಗೂ ಹೆಚ್ಚು ಬಲವಾಗಿ ಈ ಅನಿಲವನ್ನು ಅಪ್ಪಿಕೊಳ್ಳುತ್ತದೆ. ಉಸಿರಾಡುತ್ತಿದ್ದರೂ ದೇಹಕ್ಕೆ ಆಮ್ಲಜನಕ ಸಿಗುವುದಿಲ್ಲ. ತಲೆನೋವು, ವಾಕರಿಕೆ, ಮಂಪರು ಬರುತ್ತದೆ. ದಣಿದಿದ್ದೇವೆ ಎಂದುಕೊಂಡು ಮಲಗಿದವರು ಏಳುವುದಿಲ್ಲ.

ಚಳಿಗಾಲದಲ್ಲಿ ಈ ಅಪಾಯ ಏಕೆ ಹೆಚ್ಚು? ಒದ್ದೆ ನಾಯಿ, ಒದ್ದೆ ಬಟ್ಟೆ, ಅಡುಗೆಯ ಹಬೆ ಎಲ್ಲ ಸೇರಿ ಕಿಟಕಿಯ ಗಾಜಿನ ಮೇಲೆ ನೀರಿಳಿಯುತ್ತದೆ. ಎಲ್ಲಿಂದಲೋ ತಣ್ಣನೆಯ ಗಾಳಿ ಬರುತ್ತಿರುತ್ತದೆ. ಯಾರೋ ಎದ್ದು ಗಾಳಿಕಿಂಡಿಗೆ ಹಳೆ ಟವೆಲ್ ತುರುಕುತ್ತಾರೆ. ಒಳಗೆ ಸೌದೆ ಒಲೆಯೋ ಗ್ಯಾಸ್ ಒಲೆಯೋ ಉರಿಯುತ್ತಿದ್ದರೆ ಅಲ್ಲಿಗೆ ಅಪಾಯಕ್ಕೆ ಎಲ್ಲವೂ ಸಿದ್ಧವಾದಂತೆ. ಗಾಳಿಕಿಂಡಿಯನ್ನು ಎಂದಿಗೂ ಮುಚ್ಚಬಾರದು. ಮಾಂಸ ಸುಡುವ ಇದ್ದಿಲು ಒಲೆಯನ್ನು, ಅದು ಆರಿದಂತೆ ಕಂಡರೂ ಸರಿ, ಒಳಗೆ ತರಬಾರದು. ಬ್ರಿಟನ್ನಿನ ದೋಣಿ ಸುರಕ್ಷತಾ ಯೋಜನೆಯು 2019ರ ಏಪ್ರಿಲ್‌ನಿಂದ ಮಲಗುವ ಕೋಣೆಯುಳ್ಳ ದೋಣಿಗಳಿಗೆ ಕಾರ್ಬನ್ ಮೊನಾಕ್ಸೈಡ್ ಅಲಾರಂ ಕಡ್ಡಾಯ ಮಾಡಿದೆ. ದೋಣಿ ಹತ್ತಿದ ಕೂಡಲೇ ಅದರ ಗುಂಡಿಯನ್ನು ಒತ್ತಿ ಸದ್ದು ಮಾಡುತ್ತದೆಯೇ ಎಂದು ನೋಡುವುದು ಮೊದಲ ಕೆಲಸ.

ನಾಯಿಗೆ ಮೂಗು ಚುರುಕು, ಅದೇ ಎಚ್ಚರಿಸುತ್ತದೆ ಎಂದು ನಂಬುವವರಿದ್ದಾರೆ. ವಾಸನೆಯೇ ಇಲ್ಲದ ಅನಿಲದ ಮುಂದೆ ಯಾವ ಮೂಗು ತಾನೆ ಏನು ಮಾಡೀತು? ಹಿಂದೆ ಬ್ರಿಟನ್ನಿನ ಕಲ್ಲಿದ್ದಲು ಗಣಿಗಳಿಗೆ ಕ್ಯಾನರಿ ಎಂಬ ಪುಟ್ಟ ಹಕ್ಕಿಯನ್ನು ಒಯ್ಯುತ್ತಿದ್ದರು. 1986ರಲ್ಲಿ ಆ ಪದ್ಧತಿ ನಿಲ್ಲಿಸಿ ಉಪಕರಣಗಳಿಗೆ ವಹಿಸಲು ತೀರ್ಮಾನಿಸಿದರು. ಹಕ್ಕಿ ಎಚ್ಚರಿಕೆ ಕೊಡುತ್ತಿದ್ದುದು ವಾಸನೆ ಹಿಡಿದಲ್ಲ. ಮನುಷ್ಯರಿಗಿಂತ ಮೊದಲು ತಾನೇ ಕುಸಿದು ಬಿದ್ದು. ಮನೆಯ ನಾಯಿಗೆ ಆ ಕೆಲಸ ಕೊಡುವುದು ನ್ಯಾಯವೇ?

ನಾಯಿಯ ಕಣ್ಣಿನಿಂದ

ತಂಗುದಾಣವನ್ನು ನಾಯಿಯ ಕಡೆಯಿಂದಲೂ ನೋಡಬೇಕು. ಬೆಳಿಗ್ಗೆ ಎದ್ದೊಡನೆ, ರಾತ್ರಿ ಮಲಗುವ ಮುನ್ನ ಅದನ್ನು ಇಳಿಸಲೇಬೇಕು. ಎರಡೂ ಹೊತ್ತು ಕತ್ತಲೆ. ಆದ್ದರಿಂದ ದೋಣಿಯಿಂದ ನೇರವಾಗಿ ಗಟ್ಟಿ ನೆಲಕ್ಕೆ ಕಾಲಿಡುವಂತಿದ್ದರೆ ಒಳ್ಳೆಯದು. ಹಲಗೆಗಳ ತೇಲುಕಟ್ಟೆಯಾದರೆ ಸಂದಿಯಲ್ಲಿ ಉಗುರು ಸಿಕ್ಕಿಕೊಳ್ಳುತ್ತದೆ. ಮೇಲೆ ಹಿಮ ಕಟ್ಟಿದರೆ ನಾಯಿಯೂ ಜಾರುತ್ತದೆ, ಹಿಡಿದವರೂ ಜಾರುತ್ತಾರೆ. ಬ್ರಾಡ್ಸ್‌ನ ನದಿಗಳಿಗೆ ಸಮುದ್ರದ ಉಬ್ಬರವಿಳಿತ ತಟ್ಟುತ್ತದೆ. ಗ್ರೇಟ್ ಯಾರ್ಮತ್, ರೀಡಂ ಮುಂತಾದ ಕಡೆ ಸೆಳೆತ ಜೋರು. ರಾತ್ರಿ ದಡಕ್ಕೆ ಸಮವಾಗಿದ್ದ ದೋಣಿ ಬೆಳಿಗ್ಗೆ ಕೆಳಗಿಳಿದಿರಬಹುದು. ಹಗ್ಗಕ್ಕೆ ಸಡಿಲ ಬಿಟ್ಟಿರಬೇಕು. ಮುದಿ ನಾಯಿ ಅಷ್ಟೆತ್ತರ ಹತ್ತೀತೇ ಎಂದು ಯೋಚಿಸಿರಬೇಕು.

ಪಕ್ಕದ ಹೊಲದಲ್ಲಿ ಕುರಿಗಳಿದ್ದರೆ ನಾಯಿಯ ಚೈನು ಕೈಯಲ್ಲೇ ಇರಲಿ. ಹೊಲದಲ್ಲಿ ಸಾಕುಪ್ರಾಣಿಗಳನ್ನು ನಾಯಿ ಬೆದರಿಸಿ ಅಟ್ಟಿದರೆ 1953ರ ಕಾಯಿದೆಯಂತೆ ಒಡೆಯನದೇ ಅಪರಾಧ. ನಾಯಿಯ ಕತ್ತಿನ ಪಟ್ಟಿಯಲ್ಲಿ ಒಡೆಯನ ಹೆಸರು, ವಿಳಾಸ ಇರಬೇಕೆಂಬುದೂ ಅಲ್ಲಿ ಕಾನೂನು. ಹಿಮ ಕರಗಿಸಲು ದಾರಿಗೆ ಉಪ್ಪು ಚೆಲ್ಲಿದ್ದರೆ ನಾಯಿಯ ಪಾದ ಉರಿಯುತ್ತದೆ. ಬಂದ ಮೇಲೆ ತೊಳೆದು ಒರೆಸಬೇಕು. ಎಂಜಿನ್ನಿಗೆ ಹಾಕುವ ಹಿಮನಿರೋಧಕ ದ್ರವ ಸಿಹಿಯಾಗಿರುತ್ತದೆ. ಚೆಲ್ಲಿದ್ದನ್ನು ಸ್ವಲ್ಪವೇ ನೆಕ್ಕಿದರೂ ಮೂತ್ರಪಿಂಡಗಳು ಹಾಳಾಗಿ ನಾಯಿ ಸಾಯಬಹುದು. ನಮ್ಮ ಕರಾವಳಿ, ಮಲೆನಾಡಿನ ಜನಕ್ಕೆ ಗೊತ್ತಿರುವ ಇಲಿಜ್ವರ ಅಲ್ಲಿನ ಕಾಲುವೆ ನೀರಿನಿಂದಲೂ ಬರಬಹುದು, ಮನುಷ್ಯರಿಗೂ ನಾಯಿಗೂ. ನಾಯಿಗೆ ಲಸಿಕೆ ಹಾಕಿಸುವುದು, ಮಕ್ಕಳು ಊಟಕ್ಕೆ ಮುಂಚೆ ಕೈ ತೊಳೆಯುವುದು ಕಡ್ಡಾಯ.

ಇನ್ನು ನಾಯಿ ನೀರಿಗೆ ಬಿದ್ದರೆ? ಬೆನ್ನಿನ ಮೇಲೆ ಹಿಡಿಕೆಯಿರುವ ಲೈಫ್ ಜಾಕೆಟ್ ಇದ್ದರೆ ಎತ್ತಿಕೊಳ್ಳುವುದು ಸುಲಭ. ಆದರೆ ಅದರ ಹಿಂದೆ ಯಾರೂ ಹಾರಬಾರದು. 15 ಡಿಗ್ರಿಗಿಂತ ತಣ್ಣನೆಯ ನೀರಿಗೆ ಬಿದ್ದೊಡನೆ ಮನುಷ್ಯ ತನಗರಿವಿಲ್ಲದೆ ಏದುಸಿರು ಬಿಡುತ್ತಾನೆ. ಆ ಉಸಿರಿನೊಡನೆ ನೀರು ಒಳಹೊಕ್ಕರೆ ಈಜು ಬಲ್ಲವನೂ ಮುಳುಗುತ್ತಾನೆ. ಹೆಪ್ಪುಗಟ್ಟಿದ ನೀರಿನ ಮೇಲಂತೂ ನಾಯಿಯ ಭಾರಕ್ಕೇ ಒಡೆದ ಹಿಮ ಮನುಷ್ಯನನ್ನು ಹೊರುವುದೆಂತು? ನಾಯಿ ಎಷ್ಟೋ ಸಲ ತಾನೇ ಈಜಿ ಮೇಲೆ ಬರುತ್ತದೆ. ಉಳಿಸಲು ಹೋದವರೇ ಬರುವುದಿಲ್ಲ. ದಡ ತಗ್ಗಾಗಿರುವ ಕಡೆಗೆ ಹೋಗಿ ನಿಂತು ಅದನ್ನು ಹೆಸರು ಹಿಡಿದು ಕರೆಯಬೇಕು. ಸಹಾಯಕ್ಕೆ 999ಕ್ಕೆ ಫೋನ್ ಮಾಡಬೇಕು. ಕಾಲು ಜಾರಿ ಬಿದ್ದವರು ಒಡನೆ ಈಜಲು ಹೋಗದೆ, ಉಸಿರು ಹಿಡಿತಕ್ಕೆ ಬರುವವರೆಗೆ ಮೇಲ್ಮುಖವಾಗಿ ತೇಲಬೇಕು. ಇದನ್ನು ಹೊರಡುವ ಮೊದಲೇ ಮಕ್ಕಳಿಗೆ ಒಮ್ಮೆಯಲ್ಲ, ಎರಡು ಸಲ ಹೇಳಿರಬೇಕು.

ಎರಡರಲ್ಲಿ ಯಾವುದು?

ಒಂದು ಉದಾಹರಣೆ ನೋಡಿದರೆ ಎಲ್ಲ ಸ್ಪಷ್ಟವಾಗುತ್ತದೆ. ನಾರಿಚ್ ನಗರದಲ್ಲಿ ಓದುತ್ತಿರುವ ಮಗಳನ್ನು ನೋಡಲು ಧಾರವಾಡದಿಂದ ತಂದೆತಾಯಿ ಹೋಗಿದ್ದಾರೆಂದು ಊಹಿಸಿ. ಜೊತೆಗೆ ಮಗಳ ಗೆಳತಿಯ ಮುದಿ ನಾಯಿ. ಮಧ್ಯಾಹ್ನ ಎರಡು ಗಂಟೆ. ಮುಂದೆ ಎರಡು ತಾಣಗಳಿವೆ. ಒಂದು, ಜೊಂಡು ಹುಲ್ಲಿನ ನಡುವಿನ ಏಕಾಂತ ದಡ, ಬಾಡಿಗೆಯಿಲ್ಲ, ಕರೆಂಟಿಲ್ಲ. ಇನ್ನೊಂದು, ಹಳ್ಳಿಯ ಪಕ್ಕದ ಕಟ್ಟೆ. ವಿದ್ಯುತ್ ಕಂಬವಿದೆ, ದೀಪವಿದೆ, ಹಣ ಕೊಡಬೇಕು.

“ಅಪ್ಪಾ, ಇಲ್ಲೇ ನಿಲ್ಲಿಸೋಣ. ಎಷ್ಟು ಚೆನ್ನಾಗಿದೆ ನೋಡಿ!” ಎನ್ನುತ್ತಾಳೆ ಮಗಳು.

“ಚೆನ್ನಾಗೇನೋ ಇದೆ ಕಣಮ್ಮ. ರಾತ್ರಿ ಹನ್ನೆರಡಕ್ಕೆ ಈ ನಾಯಿ ಎದ್ದು ಕೂತರೆ ಕತ್ತಲಲ್ಲಿ ಯಾವ ಕಡೆ ಇಳಿಸ್ತೀ? ಬ್ಯಾಟರಿ ಮುಗಿದರೆ ಅಮ್ಮನಿಗೆ ಏನು ಹೊದಿಸ್ತೀ?”

“ಒಂದು ರಾತ್ರಿ ತಾನೆ!”

“ಆಗುವುದೆಲ್ಲ ಒಂದು ರಾತ್ರಿಯಲ್ಲೇ ಅಲ್ವಾ?”

ತಂದೆಯ ಮಾತು ಮಗಳಿಗೆ ರುಚಿಸಲಿಕ್ಕಿಲ್ಲ. ಆದರೆ ಜೊಂಡಿನ ದಡಕ್ಕೆ ಮರುದಿನ ಹಗಲಿನಲ್ಲಿ ಬಂದು ಬುತ್ತಿ ಬಿಚ್ಚಬಹುದು. ಹಗಲಿಗೆ ಚಂದದ ಜಾಗ, ರಾತ್ರಿಗೆ ಭದ್ರವಾದ ಜಾಗ ಎಂದು ಬೇರೆ ಮಾಡಿಕೊಂಡರೆ ಜಗಳವೇ ಇಲ್ಲ.

ದೋಣಿ ಹತ್ತದವರಿಗೂ ಈ ಪಾಠ ಬೇಕಾದದ್ದೇ. ಬೆಂಗಳೂರಿನಂಥ ಊರುಗಳಲ್ಲಿ, ಕಿಟಕಿ ಮುಚ್ಚಿದ ಬಚ್ಚಲಲ್ಲಿ ಗ್ಯಾಸ್ ಗೀಸರ್ ಉರಿಸಿ ಸ್ನಾನಕ್ಕೆ ಹೋದವರು ಹೊರಬರಲೇ ಇಲ್ಲವೆಂಬ ಸುದ್ದಿ ಆಗಾಗ ಬರುತ್ತದೆ. ವಿಂಡರ್‌ಮಿಯರ್ ದೋಣಿಯೊಳಗೆ ನುಗ್ಗಿದ ಅನಿಲವೇ ಅಲ್ಲೂ ಇರುವುದು. ಇದನ್ನು ಓದಿದ ವಿದ್ಯಾರ್ಥಿಗಳು ಇಂದು ಸಂಜೆ ಎರಡು ಕೆಲಸ ಮಾಡಬಹುದು. ಮನೆಯ ಹೀಟರ್, ಇಸ್ತ್ರಿ ಪೆಟ್ಟಿಗೆ, ಗೀಸರ್‌ಗಳ ಮೇಲೆ ಬರೆದ ವ್ಯಾಟ್ ಓದಿ, 230ರಿಂದ ಭಾಗಿಸಿ ಆಂಪಿಯರ್ ಲೆಕ್ಕ ಹಾಕುವುದು ಒಂದು. ಬಚ್ಚಲಿನ ಗಾಳಿಕಿಂಡಿ ತೆರೆದಿದೆಯೇ ಎಂದು ನೋಡುವುದು ಇನ್ನೊಂದು. ಚಳಿಯೆಂದು ಅದಕ್ಕೆ ಯಾರಾದರೂ ರಟ್ಟು ಅಡ್ಡ ಇಟ್ಟಿದ್ದರೆ, ಅಪ್ಪ-ಅಮ್ಮನನ್ನು ಕರೆದು ತೋರಿಸಿ, ಅದನ್ನು ತೆಗೆಸಿದ ಮೇಲೆಯೇ ಓದಲು ಕೂರಲಿ.